ಮುಂದೆ ಕಡಲು, ಹಿಂದೆ ಬೆಟ್ಟ, ಮಳೆ ಮಾತ್ರ ಇಲ್ಲ: ಚಿಲಿಯಲ್ಲಿ ಹೀಗೇಕೆ?

ಪ್ರಶ್ನೆ: ನಾವು ಕುಂದಾಪುರದ ಹತ್ತಿರದವರು. ನನ್ನ ಮಗಳು ಎರಡು ವರ್ಷದಿಂದ ಚಿಲಿ ದೇಶದ ಆಂಟೊಫಗಾಸ್ಟಾ ಎಂಬ ಊರಲ್ಲಿ ಕೆಲಸದಲ್ಲಿದ್ದಾಳೆ. ವಿಡಿಯೋ ಕಾಲ್ ಮಾಡಿದಾಗ ಕಿಟಕಿಯಿಂದ ಕಡಲು ತೋರಿಸುತ್ತಾಳೆ. ಫೋನ್ ಆ ಕಡೆ ತಿರುಗಿಸಿದರೆ ದೊಡ್ಡ ಬೆಟ್ಟ. ನಮ್ಮೂರಿನ ಹಾಗೇ ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಬೆಟ್ಟ. ಆದರೆ ಆ ಬೆಟ್ಟದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ಹೋದ ಮೇಲೆ ಸರಿಯಾದ ಒಂದು ಮಳೆ ನೋಡಿಲ್ಲವಂತೆ. ಈಗ ಅವಳಿಗೆ ಅದೇ ದೇಶದ ದಕ್ಷಿಣಕ್ಕೆ, ಪುಯೆರ್ಟೊ ಮಾಂಟ್‌ಗೆ ವರ್ಗ ಆಗಿದೆ. ಅಲ್ಲಿ ಮಳೆ ನಿಲ್ಲುವುದೇ ಇಲ್ಲ ಅಂತ ಜೊತೆಯವರು ಹೆದರಿಸುತ್ತಾರಂತೆ. ಒಂದೇ ದೇಶ, ಒಂದೇ ಬೆಟ್ಟದ ಸಾಲು, ಒಂದೇ ಕಡಲು. ಇದು ಹೇಗೆ ಸಾಧ್ಯ?

ಉತ್ತರ:

ನಿಮ್ಮ ಮಗಳು ಫೋನ್ ತಿರುಗಿಸಿ ತೋರಿಸಿದ ಬೆಟ್ಟವನ್ನು ನಾನೂ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ಕೆಲಸದ ಮೇಲೆ ಆಂಟೊಫಗಾಸ್ಟಾದಲ್ಲಿ ಎರಡು ವಾರ ಉಳಿದಿದ್ದೆ. ಮೊದಲ ದಿನ ಬೆಳಗ್ಗೆ ಕಿಟಕಿ ತೆರೆದರೆ ಆಕಾಶ ಪೂರ್ತಿ ಬೂದು. ಮೋಡ ಬೆಟ್ಟದ ಸೊಂಟಕ್ಕೆ ಇಳಿದಿತ್ತು. ನಮ್ಮ ಕಡೆ ಜೂನ್ ಮೊದಲ ವಾರ ಹೀಗೇ ಇರುತ್ತದೆ ಅಲ್ವಾ, ಇನ್ನೇನು ಹತ್ತು ನಿಮಿಷಕ್ಕೆ ಶುರುವಾಗುತ್ತದೆ ಅಂದುಕೊಂಡೆ. ಕೆಳಗೆ ಹೋಗಿ ಕೊಡೆ ಎಲ್ಲಿ ಸಿಗುತ್ತದೆ ಅಂತ ಕೇಳಿದೆ. ವಸತಿಗೃಹ ನಡೆಸುತ್ತಿದ್ದ ಅಮ್ಮ ನಕ್ಕುಬಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಮೋಡ ಕರಗಿತು. ಮರುದಿನ ಬೆಳಗ್ಗೆ ಮತ್ತೆ ಅದೇ ಬೂದು. ಹದಿನಾಲ್ಕು ದಿನವೂ ಇದೇ ಆಟ. ಕಾರಿನ ಗಾಜಿನ ಮೇಲೆ ಕೂತ ಧೂಳು ತೇವವಾಗಿ ಕೆಸರಿನ ಗೆರೆ ಮೂಡಿರುತ್ತಿತ್ತು, ಅಷ್ಟೇ. ಒಂದು ದಿನ ಕಾರಿನಲ್ಲಿ ಬೆಟ್ಟ ಹತ್ತಿದೆವು. ಅರ್ಧ ಗಂಟೆ ಹೋಗುವಷ್ಟರಲ್ಲಿ ಮೋಡದೊಳಗೆ ನುಗ್ಗಿ ಮೇಲೆ ಬಂದುಬಿಟ್ಟೆವು. ಮೇಲೆ ಕಣ್ಣು ಕುಕ್ಕುವ ಬಿಸಿಲು, ಕಡುನೀಲಿ ಆಕಾಶ. ತಿರುಗಿ ನೋಡಿದರೆ ಕಡಲೂ ಇಲ್ಲ, ಊರೂ ಇಲ್ಲ. ಹತ್ತಿ ಹಾಸಿದ ಹಾಗೆ ಬಿಳಿ ಮೋಡ ಕಾಲ ಕೆಳಗೆ. ಗಮನಿಸಬೇಕಾದ್ದು ಒಂದಿತ್ತು. ಕೆಳಗೆ ಊರಲ್ಲಿ ಸ್ವೆಟರ್ ಬೇಕಿತ್ತು, ಮೇಲೆ ಬಂದ ಕೂಡಲೇ ತೆಗೆದುಹಾಕಿದೆ. ಬೆಟ್ಟ ಹತ್ತಿದರೆ ಚಳಿ ಜಾಸ್ತಿ ಆಗಬೇಕು. ಇಲ್ಲಿ ಬಿಸಿ ಜಾಸ್ತಿ ಆಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಈ ಸ್ವೆಟರ್‌ನಲ್ಲೇ ಇದೆ.

ಬೆಟ್ಟ ಮಳೆ ತರುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಕಲಿತದ್ದು. ಅದು ಅರ್ಧ ಮಾತು. ಬೆಟ್ಟ ಮಾಡುವುದು ಹಿಂಡುವ ಕೆಲಸ. ಹಿಂಡಬೇಕಾದರೆ ಮೊದಲು ಬಟ್ಟೆ ಒದ್ದೆಯಾಗಿರಬೇಕು. ಆ ಒದ್ದೆ ಬಟ್ಟೆಯನ್ನು ಯಾರಾದರೂ ಬೆಟ್ಟದ ತನಕ ತಂದು ಮೇಲಕ್ಕೆ ಎತ್ತಬೇಕು. ಕುಂದಾಪುರದಲ್ಲಿ ಈ ಎರಡೂ ಪುಕ್ಕಟೆ ಸಿಗುತ್ತವೆ. ಮೇ ತಿಂಗಳಲ್ಲಿ ಅರಬ್ಬಿ ಕಡಲಿನ ಮೇಲ್ಮೈ ನೀರು 29-30 ಡಿಗ್ರಿಗೆ ಬಂದಿರುತ್ತದೆ. ಆಮೇಲೆ ಬರುವ ನೈಋತ್ಯ ಗಾಳಿ ಅದರ ಆವಿ ಹೀರಿಕೊಂಡು ನೇರ ಘಟ್ಟಕ್ಕೆ ಢಿಕ್ಕಿ ಹೊಡೆಯುತ್ತದೆ. ಬಿಸಿ ಗಾಳಿಗೆ ಮೇಲೇರುವ ಆಸೆ ಮೊದಲೇ ಇರುತ್ತದೆ, ಕೊಡಚಾದ್ರಿ ಒಂದು ಮೆಟ್ಟಿಲು ಕೊಡುತ್ತದೆ. ಆಮೇಲೆ ಆಗುವುದು ನಿಮಗೇ ಗೊತ್ತು.

ಆಂಟೊಫಗಾಸ್ಟಾದಲ್ಲಿ ಬಟ್ಟೆಯೂ ಸರಿಯಾಗಿ ಒದ್ದೆಯಾಗುವುದಿಲ್ಲ, ಎತ್ತುವವರೂ ಇಲ್ಲ.

ಮೊದಲು ಕಡಲಿನ ವಿಷಯ. ಮಗಳನ್ನು ಕೇಳಿ, ಅಲ್ಲಿ ಸಮುದ್ರಕ್ಕೆ ಇಳಿದರೆ ಮೈ ಜುಂ ಅನ್ನುತ್ತದೆ. ಊರು ಇರುವುದು ಮಕರ ಸಂಕ್ರಾಂತಿ ವೃತ್ತದ ಪಕ್ಕದಲ್ಲೇ, ಅಂದರೆ ಉಷ್ಣವಲಯದ ಅಂಚಿನಲ್ಲಿ. ಆದರೂ ನೀರು ಚಳಿಗಾಲದಲ್ಲಿ 15 ಡಿಗ್ರಿ ಆಸುಪಾಸು, ಬೇಸಿಗೆಯಲ್ಲಿ 20ರ ಹತ್ತಿರ. ಇದಕ್ಕೆ ಕಾರಣ ಹಂಬೋಲ್ಟ್ ಪ್ರವಾಹ. ದಕ್ಷಿಣದ ತಣ್ಣನೆಯ ನೀರು ಕರಾವಳಿಯುದ್ದಕ್ಕೂ ಉತ್ತರಕ್ಕೆ ಹರಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅಲ್ಲಿ ಗಾಳಿ ಕಡಲಿನಿಂದ ದಡಕ್ಕೆ ನೇರ ಬೀಸುವುದಿಲ್ಲ. ದಡದ ಗುಂಟ ದಕ್ಷಿಣದಿಂದ ಉತ್ತರಕ್ಕೆ ಬೀಸುತ್ತದೆ. ಭೂಮಿ ತಿರುಗುವುದರಿಂದ ದಕ್ಷಿಣಾರ್ಧಗೋಳದಲ್ಲಿ ಗಾಳಿ ತಳ್ಳಿದ ನೀರು ಎಡಕ್ಕೆ ಸರಿಯುತ್ತದೆ. ಉತ್ತರಕ್ಕೆ ಮುಖ ಮಾಡಿ ನಿಂತರೆ ಎಡ ಅಂದರೆ ಪಶ್ಚಿಮ, ಅಂದರೆ ಕಡಲಿನ ಒಳಗಡೆ. ಮೇಲಿನ ಬೆಚ್ಚಗಿನ ನೀರು ದಡ ಬಿಟ್ಟು ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಆಳದಿಂದ ತಣ್ಣೀರು ಮೇಲೆ ಬರುತ್ತದೆ.

ಈ ತಣ್ಣೀರು ಮಳೆಗೆ ಶತ್ರು, ಮೀನಿಗೆ ಅಮ್ಮ. ಆಳದ ನೀರು ಬರುವಾಗ ಪೋಷಕಾಂಶ ಹೊತ್ತು ತರುತ್ತದೆ. ಅದಕ್ಕೇ ಪೆರು ಮತ್ತು ಉತ್ತರ ಚಿಲಿಯ ಕಡಲು ಜಗತ್ತಿನ ಅತಿ ಶ್ರೀಮಂತ ಮೀನುಗಾರಿಕೆ ಜಾಗಗಳಲ್ಲಿ ಒಂದು. ಆಂಚೊವೆಟಾ ಅನ್ನುವ ಸಣ್ಣ ಮೀನು ಅಲ್ಲಿಯ ರಾಜ, ನಮ್ಮ ಬೂತಾಯಿಗೆ ದೂರದ ನೆಂಟ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲೂ ಸ್ವಲ್ಪ ಮಟ್ಟಿಗೆ ಹೀಗೆ ಆಳದ ನೀರು ಮೇಲೆ ಬರುತ್ತದೆ. ಬೂತಾಯಿ, ಬಂಗುಡೆಗೆ ಮೇವು ಸಿಗುವುದು ಅದರಿಂದಲೇ.

ಈಗ ಎತ್ತುವವರ ವಿಷಯ. ಆ ಭಾಗದ ಪೆಸಿಫಿಕ್ ಸಾಗರದ ಮೇಲೆ ವರ್ಷದ ಬಹುಪಾಲು ಒಂದು ದೊಡ್ಡ ಅಧಿಕ ಒತ್ತಡದ ವಲಯ ಕೂತಿರುತ್ತದೆ. ಅಲ್ಲಿ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಇಳಿಯುವ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ, ಒಣಗುತ್ತದೆ. ಕೆಳಗೆ ಕಡಲಿಗೆ ತಾಗಿದ ಗಾಳಿ ತಂಪು, ಸುಮಾರು ಒಂದು ಕಿಲೋಮೀಟರ್ ಮೇಲೆ ಬಿಸಿ ಗಾಳಿಯ ಪದರ. ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ತಂಪು ಗಾಳಿ ಭಾರ, ಮುಚ್ಚಳ ದಾಟಿ ಮೇಲೇರುವ ತಾಕತ್ತು ಅದಕ್ಕಿಲ್ಲ. ಮುಚ್ಚಳದ ಕೆಳಗೆ ತೆಳ್ಳಗೆ ಮೋಡ ಕಟ್ಟುತ್ತದೆ, ಮಳೆಯಾಗುವಷ್ಟು ದಪ್ಪ ಆಗುವುದಿಲ್ಲ. ನಾನು ಸ್ವೆಟರ್ ತೆಗೆದದ್ದು ಆ ಮುಚ್ಚಳ ದಾಟಿದ ಜಾಗದಲ್ಲಿ.

ಕಡಲು ಕೊಡದಿದ್ದರೆ ಬೇಡ, ಪೂರ್ವದಿಂದ ಅಮೆಜಾನ್ ಕಾಡಿನ ತೇವ ಬರಬಹುದಲ್ಲ ಅಂತ ಕೇಳಬಹುದು. ಬರುತ್ತದೆ, ಆದರೆ ಆಂಡೀಸ್ ಅಡ್ಡ ನಿಂತಿದೆ. ಅಲ್ಲಿ 6,000 ಮೀಟರ್ ದಾಟಿದ ಶಿಖರಗಳು ಸಾಲಾಗಿವೆ. ಬೊಲಿವಿಯಾದ ಕಡೆಯಿಂದ ಬಂದ ಮೋಡ ಜನವರಿ, ಫೆಬ್ರವರಿಯಲ್ಲಿ ಎತ್ತರದ ಪ್ರಸ್ಥಭೂಮಿಗೆ ಒಂದಿಷ್ಟು ಮಳೆ ಸುರಿಸಿ ಅಲ್ಲೇ ಮುಗಿಯುತ್ತದೆ. ಕೆಳಗಿನ ಅಟಕಾಮಾ ಮರುಭೂಮಿಗೆ ತಲುಪುವುದು ಒಣ ಗಾಳಿ. ಹೀಗೆ ಪಶ್ಚಿಮದ ಬಾಗಿಲು ತಣ್ಣೀರಿನಿಂದ ಬಂದ್, ಪೂರ್ವದ ಬಾಗಿಲು ಬೆಟ್ಟದಿಂದ ಬಂದ್, ಮೇಲಿನಿಂದ ಮುಚ್ಚಳ.

ಇದರ ಫಲ ಏನು ಗೊತ್ತಾ? ಉತ್ತರದ ತುದಿಯ ಅರಿಕಾ ಬಂದರಿನಲ್ಲಿ ವರ್ಷದ ಸರಾಸರಿ ಮಳೆ 1 ಮಿಲಿಮೀಟರ್ ಕೂಡ ಇಲ್ಲ. 1903ರ ಅಕ್ಟೋಬರ್‌ನಿಂದ 1918ರ ಜನವರಿ ತನಕ, ಅಂದರೆ 14 ವರ್ಷ ದಾಟಿ, ಅಲ್ಲಿ ಮಳೆಯೇ ಬಿದ್ದಿಲ್ಲ. ವಿಶ್ವ ಹವಾಮಾನ ಸಂಸ್ಥೆಯ ಪಟ್ಟಿಯಲ್ಲಿ ಇದು ಜಗತ್ತಿನ ಅತಿ ಉದ್ದದ ಮಳೆಯಿಲ್ಲದ ಅವಧಿ. ಅದೇ ಅರಿಕಾದ ಮರಳಲ್ಲಿ ಚಿಂಚೊರೊ ಜನ ಹೂತ ಮಮ್ಮಿಗಳು ಸಿಕ್ಕಿವೆ. ಅವರು ಹೆಣ ಕೆಡದಂತೆ ಕಾಪಾಡಲು ಶುರು ಮಾಡಿದ್ದು ಸುಮಾರು 7,000 ವರ್ಷ ಹಿಂದೆ, ಈಜಿಪ್ಟಿಗಿಂತ ಎಷ್ಟೋ ಮೊದಲು. ನಮ್ಮ ಕರಾವಳಿಯಲ್ಲಿ ಚಪ್ಪಲಿಯನ್ನು ಒಂದು ಮಳೆಗಾಲ ಅಟ್ಟದ ಮೇಲೆ ಇಟ್ಟರೆ ಬೂಸ್ಟು ಹಿಡಿಯುತ್ತದೆ!

ನೈಟ್ರೇಟ್ ಉಪ್ಪಿನ ಕಥೆಯೂ ಇದೇ. ನೀರಿನಲ್ಲಿ ಬೇಗ ಕರಗುವ ಈ ಉಪ್ಪು ಬೇರೆ ಕಡೆ ಆಗಿದ್ದರೆ ಎಂದೋ ಹರಿದು ಹೋಗುತ್ತಿತ್ತು. ಅಟಕಾಮಾದಲ್ಲಿ ನೆಲದ ಮೇಲೇ ಉಳಿಯಿತು. ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕಾದ ಸರಕು, ಜಗಳ ಆಗದೆ ಇರುತ್ತದಾ? 1879ರಲ್ಲಿ ಚಿಲಿ ಒಂದು ಕಡೆ, ಪೆರು ಮತ್ತು ಬೊಲಿವಿಯಾ ಇನ್ನೊಂದು ಕಡೆ ನಿಂತು ಯುದ್ಧವಾಯಿತು. ನಿಮ್ಮ ಮಗಳು ಇರುವ ಆಂಟೊಫಗಾಸ್ಟಾ ಆಗ ಬೊಲಿವಿಯಾದ ಊರು. ಯುದ್ಧದಲ್ಲಿ ಬೊಲಿವಿಯಾ ತನ್ನ ಇಡೀ ಕರಾವಳಿ ಕಳೆದುಕೊಂಡಿತು. ಇವತ್ತಿಗೂ ಕಡಲಿಲ್ಲದ ಆ ದೇಶ ನೌಕಾಪಡೆ ಇಟ್ಟುಕೊಂಡಿದೆ, ಪ್ರತಿ ಮಾರ್ಚ್ 23ಕ್ಕೆ ಸಮುದ್ರ ದಿನ ಆಚರಿಸುತ್ತದೆ.

ಮಳೆ ಬರದ ಊರು ಅಂದರೆ ಮಳೆಯ ಅಪಾಯ ಇಲ್ಲದ ಊರು ಅಂತ ಅಲ್ಲ. 1991ರ ಜೂನ್‌ನಲ್ಲಿ ಒಂದು ರಾತ್ರಿ ಆಂಟೊಫಗಾಸ್ಟಾದಲ್ಲಿ ಕೆಲವು ಗಂಟೆ ಮಳೆ ಬಿತ್ತು. ಸುಮಾರು 40 ಮಿಲಿಮೀಟರ್. ಜುಲೈನಲ್ಲಿ ನಿಮ್ಮೂರಿನಲ್ಲಿ ಬೆಳಗಿನ ಕಾಫಿಗೂ ತಿಂಡಿಗೂ ನಡುವೆ ಬೀಳುವಷ್ಟು. ಆದರೆ ಅಲ್ಲಿಯ ಬೆಟ್ಟದಲ್ಲಿ ಮಣ್ಣು ಹಿಡಿಯಲು ಒಂದು ಬೇರೂ ಇಲ್ಲ. ಕಣಿವೆಗಳಲ್ಲಿ ಕೂತಿದ್ದ ಮಣ್ಣು, ಕಲ್ಲು ಎಲ್ಲ ಕೆಸರಾಗಿ ಊರಿನ ಮೇಲೆ ಇಳಿಯಿತು. ತೊಂಬತ್ತರಷ್ಟು ಜನ ಸತ್ತರು.

ಇನ್ನು ಆ ಬೂದು ಮೋಡ. ಅದಕ್ಕೆ ಅಲ್ಲಿಯವರು ಕಮಾಂಚಾಕಾ ಅನ್ನುತ್ತಾರೆ. ನನಗೆ ಚಿಲಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಮೋಡದ ಹನಿ ಎಷ್ಟು ಸಣ್ಣದು ಅಂದರೆ ಸುಮಾರು ಹತ್ತು ಲಕ್ಷ ಹನಿ ಸೇರಿದರೆ ಒಂದು ಮಳೆಹನಿ. ಅಷ್ಟು ಹನಿ ಸೇರುವಷ್ಟು ದಪ್ಪ ಈ ಮೋಡಕ್ಕಿಲ್ಲ. ಹಾಗಾದರೆ ನಾವೇ ಸೇರಿಸೋಣ ಅಂತ ಕೆಲವರು ಹೊರಟರು. ಆಂಟೊಫಗಾಸ್ಟಾದಿಂದ ದಕ್ಷಿಣಕ್ಕೆ ಚುಂಗುಂಗೊ ಅನ್ನುವ ಮೀನುಗಾರರ ಹಳ್ಳಿ ಇದೆ. ನೀರು ಲಾರಿಯಲ್ಲಿ ಬರಬೇಕಿತ್ತು. ಹಳ್ಳಿಯ ಹಿಂದಿನ ಎಲ್ ಟೊಫೊ ಬೆಟ್ಟದ ಮೇಲೆ ಕಂಬ ನೆಟ್ಟು ಬಲೆ ಕಟ್ಟಿದರು. ಏನೋ ದೊಡ್ಡ ತಂತ್ರಜ್ಞಾನ ಅಂದುಕೊಳ್ಳಬೇಡಿ. ನಮ್ಮ ನರ್ಸರಿಗಳಲ್ಲಿ ಸಸಿಗೆ ನೆರಳಿಗೆ ಹಾಕುವ ಶೇಡ್ ನೆಟ್ ಇರುತ್ತದಲ್ಲ, ಅದೇ ಜಾತಿಯ ಬಲೆ.

ಗಾಳಿ ಮೋಡವನ್ನು ಬಲೆಯೊಳಗೆ ತೂರಿಸುತ್ತದೆ. ಎಳೆಗೆ ಒಂದು ಕಣ ಅಂಟುತ್ತದೆ. ಅದರ ಪಕ್ಕ ಇನ್ನೊಂದು. ಹೀಗೆ ಲಕ್ಷಗಟ್ಟಲೆ ಸೇರಿ ಸಾಸಿವೆ ಕಾಳಿನಷ್ಟು ಆಗುತ್ತದೆ. ಸ್ವಲ್ಪ ಹೊತ್ತು ಹಾಗೇ ನೇತಾಡುತ್ತದೆ, ಇನ್ನಷ್ಟು ಸೇರಿದ ಕೂಡಲೇ ಭಾರ ತಾಳದೆ ಜಾರುತ್ತದೆ. ಜಾರುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕರೆದುಕೊಂಡು ಕೆಳಗೆ ಬರುತ್ತದೆ. ಬಲೆಯ ಅಡಿಗೆ ಸೀಳಿದ ಪೈಪು ಕಟ್ಟಿರುತ್ತಾರೆ, ನಮ್ಮ ಮಾಡಿನ ಅಂಚಿಗೆ ಕಟ್ಟುವ ಅಡಿಕೆ ದಂಬೆಯ ಹಾಗೆ. ಅಲ್ಲಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಹಳ್ಳಿಗೆ. ಪಂಪ್ ಬೇಡ, ಕರೆಂಟ್ ಬೇಡ. 1992ರಿಂದ ಹಳ್ಳಿಯ ನಲ್ಲಿಗಳಲ್ಲಿ ಈ ನೀರು ಬಂತು. ನೂರರ ಹತ್ತಿರ ಬಲೆಗಳಿಂದ ದಿನಕ್ಕೆ ಸರಾಸರಿ 15,000 ಲೀಟರ್. ಹಳ್ಳಿಯಲ್ಲಿ ಇದ್ದದ್ದು ಮುನ್ನೂರು ಚಿಲ್ಲರೆ ಜನ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಬಲೆಗಳು ಪಾಳು ಬಿದ್ದವು. ಹರಿದದ್ದನ್ನು ಹೊಲಿಯುವವರು ಇರಲಿಲ್ಲ, ಜನ ಜಾಸ್ತಿಯಾದರು, ಎಲ್ಲರಿಗೂ ಪೇಟೆಯ ಹಾಗೆ ಪೈಪಿನ ನೀರೇ ಬೇಕಾಯಿತು. ಇದನ್ನು ಕೇಳಿದಾಗ ನನಗೆ ನಮ್ಮ ಊರುಗಳ ಮಳೆನೀರು ಇಂಗಿಸುವ ಗುಂಡಿಗಳು ನೆನಪಾದವು. ಇರಲಿ.

ಮನುಷ್ಯರು ಬಿಟ್ಟ ಕೆಲಸವನ್ನು ಮರಗಳು ಮಾಡುತ್ತಲೇ ಇವೆ. ಇನ್ನೂ ದಕ್ಷಿಣಕ್ಕೆ, ಅಕ್ಷಾಂಶ 30 ಡಿಗ್ರಿ ದಾಟಿದ ಮೇಲೆ, ಫ್ರೇ ಹೋರ್ಹೆ ಅನ್ನುವ ರಾಷ್ಟ್ರೀಯ ಉದ್ಯಾನ ಇದೆ. ಸುತ್ತ ಕಳ್ಳಿ, ಕುರುಚಲು. ಕಡಲಿಗೆ ಮುಖ ಮಾಡಿದ ಬೆಟ್ಟದ ತಲೆಯ ಮೇಲೆ ಮಾತ್ರ ಹಸಿರು ಕಾಡು. ಪಾಚಿ, ಬಳ್ಳಿ, ಜರಿಗಿಡ ಎಲ್ಲ ಇವೆ. ಮಳೆ ನೋಡಿದರೆ ಅಲ್ಲಿ ಅಂಥ ಕಾಡು ಇರಲೇಬಾರದು. ಎಲೆಗಳೇ ಬಲೆಯಾಗಿ ಮೋಡ ಸೋಸಿ ಬೇರಿಗೆ ನೀರು ಹನಿಸಿಕೊಳ್ಳುತ್ತವೆ. ಹಿಂದೆ ಹವೆ ತಂಪಾಗಿ ತೇವವಾಗಿದ್ದಾಗ ಉತ್ತರದ ತನಕ ಹಬ್ಬಿದ್ದ ಕಾಡಿನ ಉಳಿದ ಚೂರು ಅದು.

ನಮ್ಮವರಿಗೆ ಈ ಕಮಾಂಚಾಕಾ ಪೂರ್ತಿ ಅಪರಿಚಿತ ಏನಲ್ಲ. ನಿಮ್ಮ ಪರಿಚಯದವರು ಯಾರಾದರೂ ಒಮಾನಿನ ಸಲಾಲಾದಲ್ಲಿ ಇದ್ದರೆ ಕೇಳಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಖರೀಫ್ ಅನ್ನುವ ಮಂಜಿನ ಕಾಲ. ಗುಡ್ಡಗಳಿಗೆ ಮಂಜು ಮುತ್ತಿ, ಜಿನುಗು ಮಳೆಯಾಗಿ, ಮರುಭೂಮಿಯ ಪಕ್ಕದಲ್ಲೇ ಹಸಿರು ಬರುತ್ತದೆ. ನಡೆಯುವ ಬಗೆ ಅದೇ. ನಮ್ಮಲ್ಲಿ ಮಳೆ ಸುರಿಸುವ ಅದೇ ಮುಂಗಾರು ಗಾಳಿ ಅರಬ್ಬಿ ಕಡಲಿನ ಆ ದಡದ ಗುಂಟ ಬೀಸಿ ಆಳದ ತಣ್ಣೀರು ಎಬ್ಬಿಸುತ್ತದೆ. ಒಂದೇ ಕಡಲು, ಒಂದೇ ಗಾಳಿ, ಈ ದಡದಲ್ಲಿ ಜಡಿಮಳೆ, ಆ ದಡದಲ್ಲಿ ಮಂಜು.

ಈಗ ದಕ್ಷಿಣಕ್ಕೆ ಹೋಗೋಣ. ಚಿಲಿಯ ಆಕಾರವೇ ವಿಚಿತ್ರ. ಉದ್ದ ಸುಮಾರು 4,300 ಕಿಲೋಮೀಟರ್, ಸರಾಸರಿ ಅಗಲ 180ರ ಹತ್ತಿರ. ಕುಂದಾಪುರದಲ್ಲಿ ಕಡಲಿಗೆ ಬೆನ್ನು ಮಾಡಿ ಹೊರಟರೆ ದಾವಣಗೆರೆ ಮುಟ್ಟುವಷ್ಟರಲ್ಲಿ ದೇಶ ಮುಗಿದಿರುತ್ತದೆ. ಉದ್ದ ಹೋಗುವುದು ಅಕ್ಷಾಂಶ 17.5 ಡಿಗ್ರಿಯಿಂದ 56 ಡಿಗ್ರಿ ತನಕ. ನಮ್ಮ ಅರ್ಧಗೋಳಕ್ಕೆ ಮಗುಚಿ ಹಾಕಿದರೆ ಕಲಬುರಗಿಯಿಂದ ಮಾಸ್ಕೋ ತನಕ ಅಂತ ಲೆಕ್ಕ. ಹೀಗಿರುವಾಗ ಒಂದೇ ದೇಶ ಅನ್ನುವುದು ನಕ್ಷೆಯ ಮಾತು. ಹವೆಯ ಮಟ್ಟಿಗೆ ಅದು ನಾಲ್ಕೈದು ದೇಶ.

ನಡುಭಾಗದಲ್ಲಿ ಸ್ಯಾಂಟಿಯಾಗೊ. ಅಲ್ಲಿ ಮಳೆ ವರ್ಷಕ್ಕೆ 300 ಮಿಲಿಮೀಟರ್ ಆಸುಪಾಸು, ಅದೂ ಚಳಿಗಾಲದಲ್ಲಿ. ಆ ಅಧಿಕ ಒತ್ತಡದ ವಲಯ ಚಳಿಗಾಲದಲ್ಲಿ ಉತ್ತರಕ್ಕೆ ಸರಿದಾಗ ಮಳೆಗೆ ದಾರಿ ಬಿಡುತ್ತದೆ, ಬೇಸಿಗೆಯಲ್ಲಿ ವಾಪಸ್ ಬಂದು ಕೂರುತ್ತದೆ. ಬೇಸಿಗೆಗೆ ಆಂಡೀಸಿನ ಹಿಮ ಕರಗಿ ನದಿಗೆ ನೀರು. ದ್ರಾಕ್ಷಿ ತೋಟ ಎಲ್ಲ ಅದರ ಮೇಲೆ. 2010ರಿಂದ ಈ ಭಾಗಕ್ಕೆ ವರ್ಷಗಟ್ಟಲೆ ಬರ ಬಿದ್ದು ಆ ಲೆಕ್ಕ ತಪ್ಪಿದೆ.

ಪುಯೆರ್ಟೊ ಮಾಂಟ್ ಇರುವುದು 41 ಡಿಗ್ರಿಯಲ್ಲಿ. ಅಲ್ಲಿ ಆಟವೇ ಬೇರೆ. 40 ಡಿಗ್ರಿ ದಾಟಿದರೆ ಪಶ್ಚಿಮದ ಗಾಳಿಯ ರಾಜ್ಯ. ಹಡಗಿನವರು ಇದಕ್ಕೆ ‘ಗರ್ಜಿಸುವ ನಲವತ್ತು’ ಅಂತಲೇ ಹೆಸರಿಟ್ಟಿದ್ದರು. ದಕ್ಷಿಣಾರ್ಧಗೋಳದ ಆ ಅಕ್ಷಾಂಶದಲ್ಲಿ ನೆಲವೇ ಕಡಿಮೆ. ಸಾವಿರಾರು ಕಿಲೋಮೀಟರ್ ಬರಿ ನೀರಿನ ಮೇಲೆ ಓಡಿ ಬಂದ ಗಾಳಿಗೆ ಎದುರಾಗುವ ದೊಡ್ಡ ಗೋಡೆ ಆಂಡೀಸ್. ಇಲ್ಲೂ ಕಡಲು ತಣ್ಣಗೇ ಇದೆ. ಆದರೆ ಇಲ್ಲಿ ಮೇಲಿನ ಮುಚ್ಚಳ ಇಲ್ಲ, ತಳ್ಳುವ ಗಾಳಿ ಜೋರು, ಒಂದರ ಹಿಂದೆ ಒಂದು ಚಂಡಮಾರುತ. ಬಟ್ಟೆ ನೆನೆದು ಬಂದು ಗೋಡೆಗೆ ಅಪ್ಪಳಿಸುತ್ತಲೇ ಇರುತ್ತದೆ.

ಇಲ್ಲಿ ಒಂದು ಸಂಗತಿ ನನಗೆ ಯಾವಾಗಲೂ ಮಜಾ ಕೊಡುತ್ತದೆ. ಉತ್ತರದಲ್ಲಿ ಆಂಡೀಸಿನ ಪಶ್ಚಿಮ ಮಗ್ಗುಲು ಒಣ, ಪೂರ್ವ ಮಗ್ಗುಲು ಹಸಿರು. ದಕ್ಷಿಣದಲ್ಲಿ ತಿರುಗುಮುರುಗು. ಪಶ್ಚಿಮಕ್ಕೆ ಚಿಲಿಯ ದಟ್ಟ ಮಳೆಕಾಡು, ಬೆಟ್ಟ ದಾಟಿದರೆ ಅರ್ಜೆಂಟೀನಾದ ಒಣ ಹುಲ್ಲುಗಾವಲು. ಅಂದರೆ ದಕ್ಷಿಣ ಅಮೆರಿಕದ ಒಣಪಟ್ಟಿ ಪೆಸಿಫಿಕ್ ದಡದಲ್ಲಿ ಶುರುವಾಗಿ, ಬೆಟ್ಟದ ಸಾಲನ್ನೇ ಓರೆಯಾಗಿ ದಾಟಿ, ಅಟ್ಲಾಂಟಿಕ್ ದಡದಲ್ಲಿ ಮುಗಿಯುತ್ತದೆ. ಬೆಟ್ಟ ಅಲ್ಲೇ ಇದೆ. ಗಾಳಿ ಬರುವ ದಿಕ್ಕು ಬದಲಾದಂತೆ ಅದರ ಮಳೆ ಮಗ್ಗುಲೂ ಬದಲಾಗುತ್ತದೆ.

ಪುಯೆರ್ಟೊ ಮಾಂಟ್‌ನಲ್ಲಿ ನಕ್ಷೆ ಹಿಡಿದು ನೋಡಲು ಮಗಳಿಗೆ ಹೇಳಿ. ಅಲ್ಲಿ ತನಕ ಚಿಲಿಯಲ್ಲಿ ಮೂರು ಪಟ್ಟಿ ಅಕ್ಕಪಕ್ಕ ಇಳಿದು ಬರುತ್ತವೆ. ಕಡಲ ಬದಿಗೆ ಕರಾವಳಿ ಬೆಟ್ಟ, ನಡುವೆ ಕಣಿವೆ, ಆಮೇಲೆ ಆಂಡೀಸ್. ಪುಯೆರ್ಟೊ ಮಾಂಟ್‌ನಲ್ಲಿ ನಡುವಿನ ಕಣಿವೆ ನೀರಿನೊಳಗೆ ಮುಳುಗುತ್ತದೆ. ಅಲ್ಲಿಂದ ಮುಂದೆ ಕಣಿವೆಯೇ ಕಡಲು, ಕರಾವಳಿ ಬೆಟ್ಟದ ತಲೆಗಳೇ ಚಿಲೋಯೆ ಮತ್ತು ಉಳಿದ ದ್ವೀಪಗಳು, ಆಂಡೀಸ್ ನೇರ ನೀರಿಗೆ ಕಾಲಿಟ್ಟಿದೆ. ಹಿಮಯುಗದಲ್ಲಿ ಹಿಮನದಿಗಳು ಕೊರೆದ ಕಣಿವೆಗಳಿಗೆ ಕಡಲು ನುಗ್ಗಿ ಫಿಯೋರ್ಡ್‌ಗಳಾಗಿವೆ. ರಸ್ತೆ ಮಾಡುವವರ ಕಷ್ಟ ಕೇಳಬೇಡಿ. ಇನ್ನೂ ದಕ್ಷಿಣದ ಪುಂಟಾ ಅರೇನಾಸ್‌ಗೆ ರಸ್ತೆಯಲ್ಲಿ ಹೋಗಬೇಕಾದರೆ ಇವತ್ತಿಗೂ ಅರ್ಜೆಂಟೀನಾ ಹೊಕ್ಕು ಬರಬೇಕು. ಈ ಎರಡು ಊರುಗಳ ನಡುವೆ ಸಾನ್ ರಫೇಲ್ ಹಿಮನದಿ ಸಮುದ್ರದ ನೀರಿಗೇ ಇಳಿದು ಮುರಿದು ಬೀಳುತ್ತದೆ. ಸುಮಾರು 47 ಡಿಗ್ರಿಯಲ್ಲಿ! ಕಡಲು ಮುಟ್ಟುವ ಹಿಮನದಿಗಳಲ್ಲಿ ಭೂಮಧ್ಯರೇಖೆಗೆ ಅತಿ ಹತ್ತಿರದ್ದು ಅದು. ಅದಕ್ಕೆ ಹಿಮ ಒದಗಿಸುವುದೂ ಇದೇ ಪಶ್ಚಿಮದ ಗಾಳಿ.

ಬೆಟ್ಟ ಹುಟ್ಟಿದ ಬಗೆ ನೀವು ಕೇಳಿಲ್ಲ. ಆದರೂ ಎರಡು ಮಾತು ಹೇಳುತ್ತೇನೆ, ಯಾಕೆಂದರೆ ‘ನಮ್ಮೂರಿನ ಹಾಗೇ’ ಅಂದಿದ್ದೀರಿ. ಹೊರಗಿನಿಂದ ಹಾಗೆ ಕಾಣುತ್ತದೆ ಅಷ್ಟೇ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿರುತ್ತೀರಿ. ಅಲ್ಲಿಯ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟಾಗ ಉಕ್ಕಿದ ಶಿಲಾರಸ. ನಮ್ಮ ಕರಾವಳಿ ಅಂದರೆ ಜಗಳ ಮುಗಿದು ಪಾಲಾದ ಮನೆ. ಚಿಲಿಯಲ್ಲಿ ಜಗಳ ಇನ್ನೂ ನಡೆದಿದೆ. ಪೆಸಿಫಿಕ್ ತಳದ ನಾಜ್ಕಾ ಫಲಕ, ಅಂದರೆ ಭೂಮಿಯ ಹೊರಪದರದ ಒಂದು ದೊಡ್ಡ ಹೋಳು, ವರ್ಷಕ್ಕೆ 6-7 ಸೆಂಟಿಮೀಟರ್ ವೇಗದಲ್ಲಿ ದಕ್ಷಿಣ ಅಮೆರಿಕದ ಅಡಿಗೆ ನುಗ್ಗುತ್ತಿದೆ. ನುಗ್ಗುವ ಜಾಗದಲ್ಲಿ ಕಡಲು 8,000 ಮೀಟರ್ ಆಳ. ಅಲ್ಲಿಂದ 300 ಕಿಲೋಮೀಟರ್ ಪೂರ್ವಕ್ಕೆ ಬಂದರೆ 6,739 ಮೀಟರ್ ಎತ್ತರದ ಯುಯೈಯಾಕೊ ಜ್ವಾಲಾಮುಖಿ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ಏರಿಳಿತ ಭೂಮಿಯ ಮೇಲೆ ಅಪರೂಪ.

ಇಲ್ಲೂ ಮಳೆಯ ಕೈವಾಡ ಇದೆ ಅನ್ನುವವರಿದ್ದಾರೆ. ಮಳೆ ಇಲ್ಲದ್ದರಿಂದ ಉತ್ತರದಲ್ಲಿ ನದಿಗಳು ಕಡಲಿಗೆ ಹೂಳು ಹೊತ್ತು ಹಾಕುವುದಿಲ್ಲ. ಹೂಳು ಇದ್ದಿದ್ದರೆ ಫಲಕಗಳ ನಡುವೆ ಗ್ರೀಸ್ ಸವರಿದ ಹಾಗೆ ಆಗುತ್ತಿತ್ತು. ಇಲ್ಲದ್ದರಿಂದ ತಿಕ್ಕಾಟ ಜಾಸ್ತಿ, ಅದರಿಂದ ಬೆಟ್ಟ ಇನ್ನೂ ಎತ್ತರಕ್ಕೆ ನಿಂತಿದೆ ಅಂತ ಅವರ ವಾದ. ಎಲ್ಲರೂ ಒಪ್ಪಿಲ್ಲ. ನನಗಂತೂ ಅದು ನಿಜ ಆಗಲಿ ಅಂತ ಆಸೆ. ಬೆಟ್ಟ ಮಳೆ ತಡೆಯುತ್ತದೆ, ಮಳೆ ಇಲ್ಲದ್ದು ಬೆಟ್ಟವನ್ನು ಎತ್ತುತ್ತದೆ.

1960ರ ಮೇ 22ರಂದು ಇದೇ ದಕ್ಷಿಣ ಭಾಗದಲ್ಲಿ 9.5 ತೀವ್ರತೆಯ ಭೂಕಂಪ ಆಯಿತು. ಉಪಕರಣಗಳಲ್ಲಿ ದಾಖಲಾದ ಭೂಕಂಪಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಪುಯೆರ್ಟೊ ಮಾಂಟ್‌ಗೂ ಭಾರೀ ಪೆಟ್ಟು ಬಿತ್ತು. ವಾಲ್ಡಿವಿಯಾ ಊರಿನ ಸುತ್ತ ನೆಲ ಸುಮಾರು ಎರಡು ಮೀಟರ್ ಕುಸಿದು, ಹೊಲಗದ್ದೆ ಇದ್ದ ಜಾಗಕ್ಕೆ ನೀರು ಬಂದು ಜೌಗು ಆಯಿತು. ಈಗ ಅಲ್ಲಿ ಕಪ್ಪು ಕತ್ತಿನ ಹಂಸಗಳು ಇವೆ. ಸುನಾಮಿ ಹವಾಯಿ ದಾಟಿ ಜಪಾನ್ ತನಕ ಹೋಗಿ ಜನರನ್ನು ಕೊಂದಿತು. ಮಗಳ ಬಗ್ಗೆ ಹೆದರಬೇಡಿ. ಆ ದೇಶದವರು ಪಾಠ ಕಲಿತು ಕಟ್ಟಡದ ನಿಯಮ ಬಿಗಿ ಮಾಡಿಕೊಂಡಿದ್ದಾರೆ. ಹೊಸ ಮನೆಗೆ ಹೋದ ಕೂಡಲೇ ಸುನಾಮಿ ಬಂದರೆ ಯಾವ ಕಡೆ ಓಡಬೇಕು ಅನ್ನುವ ಫಲಕ ಎಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಲಿ, ಸಾಕು.

ಇನ್ನೊಂದು ವಿಷಯ ನಿಮಗೂ ಸಂಬಂಧಪಟ್ಟದ್ದು. ಕೆಲವು ವರ್ಷಕ್ಕೊಮ್ಮೆ ಆ ತಣ್ಣೀರು ಮೇಲೆ ಬರುವುದು ಕಡಿಮೆಯಾಗಿ ಪೆಸಿಫಿಕ್ಕಿನ ಬಿಸಿನೀರು ದಡಕ್ಕೆ ಹರಡುತ್ತದೆ. ಪೆರುವಿನ ಮೀನುಗಾರರು ಕ್ರಿಸ್‌ಮಸ್ ಹೊತ್ತಿಗೆ ಇದನ್ನು ಗಮನಿಸಿ ಬಾಲ ಯೇಸುವಿನ ಹೆಸರಿಟ್ಟರು, ಎಲ್ ನಿನ್ಯೋ. ನಮ್ಮ ಪತ್ರಿಕೆಗಳ ‘ಎಲ್ ನಿನೊ’ ಇದೇ. ಆಗ ಅಲ್ಲಿ ಮೀನು ಮಾಯ. ಮರುಭೂಮಿಯ ದಕ್ಷಿಣ ಭಾಗಕ್ಕೆ ಮಳೆ ಬಿದ್ದು ಮಣ್ಣಲ್ಲಿ ಮಲಗಿದ್ದ ಬೀಜ ಮೊಳೆತು ನೆಲ ಪೂರ್ತಿ ಹೂ. 2015ರಲ್ಲಿ ಮಾರ್ಚ್‌ನಲ್ಲಿ ಪ್ರವಾಹ, ಆಮೇಲೆ ಅದೇ ನೆಲದಲ್ಲಿ ಗುಲಾಬಿ ಬಣ್ಣದ ಹೂವಿನ ಹಾಸು. ಆ ವರ್ಷ ನಮ್ಮಲ್ಲಿ ಮುಂಗಾರು ಕೈಕೊಟ್ಟಿತ್ತು. 2023ರಲ್ಲೂ ಎಲ್ ನಿನ್ಯೋ, ಕರ್ನಾಟಕದ ಬಹುತೇಕ ತಾಲೂಕುಗಳಲ್ಲಿ ಬರ. ಪ್ರತಿ ಸಲ ಹೀಗೇ ಆಗುತ್ತದೆ ಅಂತಿಲ್ಲ. 1997ರಲ್ಲಿ ಭಾರೀ ಎಲ್ ನಿನ್ಯೋ ಇದ್ದರೂ ನಮ್ಮ ಮುಂಗಾರು ಏನೂ ಆಗದ ಹಾಗೆ ಬಂದು ಹೋಯಿತು.

ಕೊನೆಗೆ ಜೊತೆಯವರು ಹೆದರಿಸಿದ ಮಳೆ. ಪುಯೆರ್ಟೊ ಮಾಂಟ್‌ನಲ್ಲಿ ವರ್ಷಕ್ಕೆ ಬೀಳುವುದು 1,700 ಮಿಲಿಮೀಟರ್ ಆಸುಪಾಸು. ಅಂದರೆ ಕುಂದಾಪುರದ ಅರ್ಧವೂ ಇಲ್ಲ! ನಮ್ಮ ಕಡೆಯ ಹುಡುಗಿಗೆ ಇದನ್ನು ಹೇಳಿ ಹೆದರಿಸುತ್ತಾರಾ? ವ್ಯತ್ಯಾಸ ಇಷ್ಟೇ. ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅಲ್ಲಿ ಹನ್ನೆರಡು ತಿಂಗಳೂ ಸ್ವಲ್ಪ ಸ್ವಲ್ಪ, ಚಳಿಯ ಜೊತೆ. ಮನೆಗಳ ಹೊರಗೋಡೆಗೆ ಮೀನಿನ ಹುರುಪೆಯ ಹಾಗೆ ಮರದ ಹಲಗೆ ಹೊದಿಸಿರುವುದನ್ನು ನೋಡುತ್ತಾಳೆ. ನಮ್ಮಲ್ಲಿ ಮಳೆಗಾಲಕ್ಕೆ ಗೋಡೆಗೆ ತಟ್ಟಿ ಕಟ್ಟುತ್ತಿದ್ದೆವಲ್ಲ, ಅದೇ ಬುದ್ಧಿ. ಕೊಡೆಗೆ ದುಡ್ಡು ಹಾಕುವುದು ಬೇಡ, ಆ ಗಾಳಿಗೆ ಎರಡೇ ದಿನದಲ್ಲಿ ಅಂಗಾತ ಆಗುತ್ತದೆ. ಒಳ್ಳೆಯ ರೈನ್‌ಕೋಟ್, ಒಳಗೆ ಉಣ್ಣೆ ಬಟ್ಟೆ ಸಾಕು. ಅಲ್ಲಿ ಜಾಸ್ತಿ ಮಳೆ ಮೇ ತಿಂಗಳಿನಿಂದ ಆಗಸ್ಟ್ ತನಕ. ಹಾಗಾಗಿ ಮುಂದಿನ ಜೂನ್‌ನಲ್ಲಿ ವಿಡಿಯೋ ಕಾಲ್ ಮಾಡಿದರೆ ಎರಡೂ ಕಡೆ ಮಾಡಿನ ಮೇಲೆ ಮಳೆಯ ಸದ್ದು. ಇಬ್ಬರೂ ಸ್ವಲ್ಪ ಜೋರಾಗಿ ಮಾತಾಡಬೇಕಾಗುತ್ತದೆ.